ಅಂಚೆಚೀಟಿಯಷ್ಟು ಜಾಗದಲ್ಲಿ ಒಂದು ಆಟದ ಮುಖ

120 ಪಿಕ್ಸೆಲ್ ಅಗಲ, 45 ಪಿಕ್ಸೆಲ್ ಎತ್ತರ. ಕಂಪ್ಯೂಟರ್ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಕೆಲವು ಪಟ್ಟಿಗಳಲ್ಲಿ ಒಂದು ಆಟದ ಮುಖಚಿತ್ರಕ್ಕೆ ಸಿಗುವ ಜಾಗ ಇಷ್ಟೇ. ಎರಡು ಮೂರು ವರ್ಷ ನಿದ್ದೆಗೆಟ್ಟು ಕಟ್ಟಿದ ಆಟ ಕೊನೆಗೆ ಈ ಕಿಂಡಿಯಲ್ಲಿ ತಲೆ ಹೊರಹಾಕಿ ನಿಲ್ಲಬೇಕು. ಮೇಲೂ ಕೆಳಗೂ ಅದೇ ಅಳತೆಯ ಇನ್ನೂ ಹತ್ತಾರು ಮುಖಗಳು. ನೋಡುವವರ ಬೆರಳು ಮೌಸ್‌ನ ಚಕ್ರದ ಮೇಲಿದೆ, ಚಕ್ರ ತಿರುಗುತ್ತಲೇ ಇದೆ.

ಇಂಡೀ ಆಟ, ಅಂದರೆ ದೊಡ್ಡ ಕಂಪನಿಯ ಬೆಂಬಲವಿಲ್ಲದ ಸಣ್ಣ ತಂಡಗಳ ಆಟ, ಮಾಡುವವರಲ್ಲಿ ಅನೇಕರು ಈ ಚಿತ್ರವನ್ನು ಕೊನೆಯ ವಾರಕ್ಕೆ ತಳ್ಳುತ್ತಾರೆ. ಬಗ್ ಸರಿಪಡಿಸುವುದಿದೆ, ಟ್ರೇಲರ್ ಮುಗಿಸುವುದಿದೆ, ಅಂಗಡಿಯ ಪುಟಕ್ಕೆ ವಿವರಣೆ ಬರೆಯುವುದಿದೆ. ಇವುಗಳ ನಡುವೆ ‘ಮುಖಚಿತ್ರ’ ಎಂಬುದು ಕೆಲಸದ ಪಟ್ಟಿಯ ಒಂದು ಸಾಲು. ಇದ್ದುದರಲ್ಲೇ ಚೆನ್ನಾದ ಒಂದು ಸ್ಕ್ರೀನ್‌ಶಾಟ್ ಹಿಡಿದು, ಮೇಲೆ ಹೆಸರು ಅಂಟಿಸಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಟ್ರೇಲರ್ ನೋಡುವುದು, ವಿವರಣೆ ಓದುವುದು, ಆಮೇಲೆ ಕೊಳ್ಳೋಣವೆಂದು ವಿಶ್‌ಲಿಸ್ಟ್‌ಗೆ ಸೇರಿಸುವುದು ಎಲ್ಲವೂ ಕ್ಲಿಕ್ ಆದ ನಂತರದ ಮಾತು ಎಂಬುದು ಆಗ ಮರೆತುಹೋಗಿರುತ್ತದೆ. 2017ರ ಜೂನ್‌ನಲ್ಲಿ ಸ್ಟೀಮ್ ಡೈರೆಕ್ಟ್ ಎಂಬ ವ್ಯವಸ್ಥೆ ಬಂದ ಮೇಲೆ 100 ಡಾಲರ್ ಶುಲ್ಕ ಕಟ್ಟಿ, ಪರಿಶೀಲನೆ ಮುಗಿಸಿದವರು ಯಾರೇ ಆದರೂ ಆಟ ಬಿಡುಗಡೆ ಮಾಡಬಹುದು. ಈಗ ಅಲ್ಲಿಗೆ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಆಟಗಳು ಬಂದು ಬೀಳುತ್ತವೆ. ಆ ರಾಶಿಯಲ್ಲಿ ನಿಮ್ಮ ಪರವಾಗಿ ಮೊದಲು ಬಾಯಿ ತೆರೆಯುವುದು ಈ ಚಿಕ್ಕ ಚಿತ್ರ.

ಅದನ್ನು ಗೋಡೆಗೆ ತೂಗುಹಾಕುವ ವರ್ಣಚಿತ್ರವೆಂದು ತಿಳಿದುಕೊಂಡರೆ ಎಡವಟ್ಟು ಅಲ್ಲಿಂದಲೇ ಶುರುವಾಗುತ್ತದೆ. ಹೆದ್ದಾರಿಯ ಪಕ್ಕದ ಫಲಕವನ್ನು ನೆನೆಸಿಕೊಳ್ಳಿ. ಆ ಊರಿಗೆ ಹೋಗಬೇಕಾದವರು ಅದನ್ನು ನೋಡಿ ತಿರುಗುತ್ತಾರೆ, ಉಳಿದವರು ಮುಂದೆ ಸಾಗುತ್ತಾರೆ. ಎರಡೂ ಫಲಕದ ಕೆಲಸವೇ. ಎಲ್ಲರನ್ನೂ ತಿರುಗಿಸಲು ಹೊರಟ ಮುಖಚಿತ್ರ ತಪ್ಪು ಜನರನ್ನು ಒಳಗೆ ಕರೆದುಕೊಂಡು ಬರುತ್ತದೆ. ಕೊಂಡು 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಸ್ಟೀಮ್‌ನಲ್ಲಿ ಹಣ ವಾಪಸ್ ಕೇಳಬಹುದು. ತಪ್ಪಿ ಬಂದವರು ಹಣ ವಾಪಸ್ ಪಡೆದು ಹೋಗುತ್ತಾರೆ, ಕೆಲವರು ಹೋಗುವಾಗ ಹೆಬ್ಬೆರಳು ಕೆಳಗೆ ತೋರಿಸಿ ನಾಲ್ಕು ಸಾಲು ಬರೆದೂ ಹೋಗುತ್ತಾರೆ.

ಪೆಟ್ಟಿಗೆಯ ಕಾಲ ಬೇರೆ ಇತ್ತು

1977ರಲ್ಲಿ ಅಟಾರಿ ಕಂಪನಿಯ ಮನೆ ಬಳಕೆಯ ಆಟದ ಯಂತ್ರ ಬಂದಾಗ ಪರದೆಯ ಮೇಲೆ ಕಾಣುತ್ತಿದ್ದುದು ಕೆಲವು ಚೌಕಗಳು, ಗೆರೆಗಳು. ಆಟ ಮಾರುತ್ತಿದ್ದ ಪೆಟ್ಟಿಗೆಯ ಮೇಲೆ ಮಾತ್ರ ಕ್ಲಿಫ್ ಸ್ಪೋನ್‌ರಂಥ ಕಲಾವಿದರು ಬರೆದ, ವಿಮಾನ, ಟ್ಯಾಂಕು, ಓಟಗಾರರಿಂದ ತುಂಬಿ ತುಳುಕುವ ಚಿತ್ರಗಳು. ಒಳಗಿಲ್ಲದ್ದನ್ನು ಕಲ್ಪಿಸಿಕೊಳ್ಳಲು ಆಟಗಾರರಿಗೆ ಆ ಚಿತ್ರ ಆಸರೆಯಾಗುತ್ತಿತ್ತು. ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿ ನೋಡುವಷ್ಟು ಪುರುಸೊತ್ತೂ ಇತ್ತು.

ಒಳಗಿನ ಆಟಕ್ಕೂ ಹೊರಗಿನ ಚಿತ್ರಕ್ಕೂ ನಡುವಿನ ಆ ಸಡಿಲಿಕೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ 1987ರ ಮೆಗಾ ಮ್ಯಾನ್ ಆಟದ ಅಮೆರಿಕದ ಪೆಟ್ಟಿಗೆ ಇಂದಿಗೂ ನಗೆಪಾಟಲಿನ ಉದಾಹರಣೆ. ಆಟದಲ್ಲಿ ತೋಳೇ ಫಿರಂಗಿಯಾಗಿರುವ ಪುಟ್ಟ ನೀಲಿ ರೋಬೋ. ಪೆಟ್ಟಿಗೆಯ ಮೇಲೆ ಹಳದಿ-ನೀಲಿ ಉಡುಪು ತೊಟ್ಟು, ಪಿಸ್ತೂಲು ಹಿಡಿದು, ವಿಚಿತ್ರ ಭಂಗಿಯಲ್ಲಿ ನಿಂತ ಯಾರೋ ವಯಸ್ಕ.

ಇನ್ನೊಂದು ತುದಿಯಲ್ಲಿ 2001ರ ಈಕೋ ಆಟ ಇದೆ. ಜಪಾನ್ ಮತ್ತು ಯೂರೋಪಿನ ಆವೃತ್ತಿಗಳಿಗೆ ನಿರ್ದೇಶಕ ಫುಮಿಟೋ ಉಯೆಡಾ ತಾವೇ ಚಿತ್ರ ಬರೆದರು. ಇಟಲಿಯ ವರ್ಣಚಿತ್ರಕಾರ ಜಾರ್ಜೋ ದ ಕಿರಿಕೋ ಅವರ ಪ್ರಭಾವ ಅದರಲ್ಲಿ ಎದ್ದು ಕಾಣುತ್ತದೆ: ಬಿಸಿಲು ಬಿದ್ದ ವಿಶಾಲ ಅಂಗಳ, ಉದ್ದನೆಯ ನೆರಳುಗಳು, ಕೈಕೈ ಹಿಡಿದು ಓಡುವ ಇಬ್ಬರು ಪುಟಾಣಿಗಳು. ಮುಖಚಿತ್ರಗಳ ಮಾತು ಬಂದಾಗಲೆಲ್ಲ ಜನ ಇದನ್ನು ಹೊಗಳುತ್ತಾರೆ, ಹೊಗಳಿಕೆಗೆ ಅದು ತಕ್ಕದ್ದೇ. ಆದರೆ ಅದನ್ನೊಮ್ಮೆ 120 × 45ಕ್ಕೆ ಇಳಿಸಿ ನೋಡಿ. ಮಕ್ಕಳಿಬ್ಬರೂ ಎರಡು ಚುಕ್ಕೆಯಾಗುತ್ತಾರೆ, ಉಳಿಯುವುದು ಹಳದಿ ಬಣ್ಣದ ಒಂದು ಪಟ್ಟೆ. ಪೆಟ್ಟಿಗೆಗೆ ಅದ್ಭುತವಾದದ್ದು ಅಂಗಡಿಯ ಪಟ್ಟಿಗೆ ಒದಗದೇ ಹೋಗಬಹುದು. ಇಂಡೀ ತಂಡಗಳು ಮೆಚ್ಚಿ ಅನುಸರಿಸಲು ಹೊರಡುವ ಮಾದರಿಗಳಲ್ಲಿ ಎಷ್ಟೋ ಪೆಟ್ಟಿಗೆಯ ಕಾಲಕ್ಕೆ ಸೇರಿದವು.

ಒಂದು ಆಟವನ್ನು ಕಲ್ಪಿಸಿಕೊಳ್ಳೋಣ

ಕಡಲ ನಡುವಿನ ಬಂಡೆಯ ಮೇಲೆ ಒಂದು ದೀಪಸ್ತಂಭ. ಆಟಗಾರರು ಅದರ ಕಾವಲುಗಾರ್ತಿಯ ಪಾತ್ರದಲ್ಲಿ ಆಡಬೇಕು. ಹಗಲಿನಲ್ಲಿ ಎಣ್ಣೆ, ಮರ, ಗಾಜು ಕೂಡಿಸಿಟ್ಟುಕೊಳ್ಳಬೇಕು. ರಾತ್ರಿ ದೀಪ ಆರದಂತೆ ಕಾಯುತ್ತ, ನೀರಿನಿಂದ ಹತ್ತಿ ಬರುವ ಜೀವಿಗಳನ್ನು ಬೆಳಕು ಬೀರಿ ಹಿಮ್ಮೆಟ್ಟಿಸಬೇಕು. ಆಟದ ಹೆಸರು ‘ಆರದ ದೀಪ’ ಎಂದಿಟ್ಟುಕೊಳ್ಳೋಣ. ಇಂಥದ್ದೊಂದು ಆಟ ನಿಜವಾಗಿ ಇದೆಯೆಂದಲ್ಲ, ಮಾತಿಗೆ ಹಿಡಿತ ಸಿಗಲೆಂದು.

ಯಾರಿಗೇ ಬರೆಯಲು ಕೊಟ್ಟರೂ ಮೊದಲ ಚಿತ್ರ ಬಹುಮಟ್ಟಿಗೆ ಹೀಗಿರುತ್ತದೆ: ದೂರದಲ್ಲಿ ದೀಪಸ್ತಂಭ, ಆಕಾಶದಲ್ಲಿ ಚಂದ್ರ, ಮೇಲಂತಸ್ತಿನಲ್ಲಿ ನಮಗೆ ಬೆನ್ನು ಹಾಕಿ ನಿಂತ ಕಾವಲುಗಾರ್ತಿ, ಕೆಳಗೆ ವಿಶಾಲವಾದ ಕಡಲು, ಒಂದು ಹಡಗು, ನಾಲ್ಕು ಕಡಲಹಕ್ಕಿ. ಮೂಲೆಯಲ್ಲಿ ಬಳ್ಳಿಯಂತೆ ಬಳುಕುವ ತೆಳು ಅಕ್ಷರಗಳಲ್ಲಿ ಹೆಸರು. ದೊಡ್ಡ ಪರದೆಯಲ್ಲಿ ತೋರಿಸಿದರೆ ಗೆಳೆಯರೆಲ್ಲ ಚೆನ್ನಾಗಿದೆ ಎನ್ನುತ್ತಾರೆ. ನಿಜಕ್ಕೂ ಚೆನ್ನಾಗಿರುತ್ತದೆ.

ಈಗ ಅದನ್ನು ಕುಗ್ಗಿಸಿ. ಹಕ್ಕಿ, ಹಡಗು ಮಾಯ. ಕಾವಲುಗಾರ್ತಿ ಒಂದು ಕಪ್ಪು ಚುಕ್ಕೆ. ತೆಳು ಅಕ್ಷರಗಳು ಕೂದಲೆಳೆಗಳಂತೆ ಒಡೆದುಹೋಗಿವೆ. ಉಳಿದಿರುವುದು ಕಡುನೀಲಿಯ ಕಲೆ, ನಡುವೆ ಹಳದಿಯ ಬೊಟ್ಟು. ಸ್ಟೀಮ್ ಅಂಗಡಿಯ ಹಿನ್ನೆಲೆಯೂ ಗಾಢ ನೀಲಿಯೇ ಆದ್ದರಿಂದ ಚಿತ್ರದ ಅಂಚು ಎಲ್ಲಿ ಮುಗಿಯಿತು, ಪುಟ ಎಲ್ಲಿ ಶುರುವಾಯಿತು ಎಂಬುದೂ ತಿಳಿಯುವುದಿಲ್ಲ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಆ ಬೆಳದಿಂಗಳು, ಆ ನಿಶ್ಚಲ ಕಡಲು, ಆ ಬೆನ್ನು ಸೇರಿ ‘ಇದು ಮೆಲ್ಲಗೆ ನಡೆಯುತ್ತ ಕಥೆ ಕೇಳುವ ಆಟ’ ಎಂದು ಸಾರುತ್ತಿವೆ. ಬದುಕುಳಿಯುವ, ಕಾವಲು ಕಾಯುವ ಆಟವನ್ನು ಹುಡುಕುತ್ತಿದ್ದವರು ಇದನ್ನು ದಾಟಿ ಹೋಗುತ್ತಾರೆ. ಶಾಂತವಾದ ಕಥೆ ಬೇಕೆಂದು ಬಂದವರು ಮೊದಲ ರಾತ್ರಿಯೇ ಬೆಚ್ಚಿಬಿದ್ದು ಹೊರನಡೆಯುತ್ತಾರೆ.

ಎರಡನೆಯ ಪ್ರಯತ್ನಕ್ಕೆ ಕೂರುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಬೇಕು: ಈ ಆಟದಲ್ಲಿ ನಾನು ಮಾಡುವುದೇನು? ಆಟದ ಲೋಕ ಹೇಗಿದೆ, ನಾಯಕಿಯ ಹಿಂದಿನ ದುಃಖವೇನು ಎಂಬುದೆಲ್ಲ ಆಮೇಲೆ. ಒಂದು ಕ್ರಿಯಾಪದ ಬೇಕು. ನಮ್ಮ ಆಟಕ್ಕೆ ಅದು ‘ಬೆಳಕಿನಿಂದ ತಡೆಯುವುದು’. ಹಾಗಾದರೆ ಚಿತ್ರದಲ್ಲಿರಬೇಕಾದವರು ಮೂವರು: ತಡೆಯುವವಳು, ಬೆಳಕು, ತಡೆಯಲ್ಪಡುವುದು. ಹಡಗಿಗೆ ಕೆಲಸವಿಲ್ಲ. ಚಂದ್ರನಂತೂ ಅಡ್ಡಿಯೇ, ಏಕೆಂದರೆ ಚಿತ್ರದಲ್ಲಿ ಬೆಳಗುವ ವಸ್ತು ಒಂದೇ ಇರಬೇಕು. ಹೊಸ ಚಿತ್ರದಲ್ಲಿ ಕಾವಲುಗಾರ್ತಿಯ ಮುಖ ಮತ್ತು ಎತ್ತಿದ ಕೈಯ ಲಾಟೀನು ಎಡಗಡೆಯ ಅರ್ಧವನ್ನೇ ತುಂಬಿವೆ. ಲಾಟೀನಿನಿಂದ ಹೊರಟ ಹಳದಿ ಬೆಳಕು ಓರೆಯಾಗಿ ಕತ್ತಲನ್ನು ಸೀಳುತ್ತದೆ. ಬೆಳಕಿನ ಅಂಚಿನಲ್ಲಿ, ಇನ್ನೇನು ಒಳಗೆ ಬಂದೇಬಿಟ್ಟಿತು ಎಂಬಂತೆ, ಒದ್ದೆಯಾದ ಒಂದು ಪಂಜ. ಜೀವಿಯ ಉಳಿದ ದೇಹ ಬರೆಯುವ ಅಗತ್ಯವಿಲ್ಲ. ಇದನ್ನು ಎಷ್ಟು ಕುಗ್ಗಿಸಿದರೂ ಮುಖ, ಬೆಳಕು, ಪಂಜ ಮೂರು ತುಂಡುಗಳಾಗಿ ಉಳಿಯುತ್ತವೆ. ನಡುವಿನ ಸಂಬಂಧವೂ ಉಳಿಯುತ್ತದೆ.

ಮುಖವೇ ಇರಬೇಕೆಂಬ ನಿಯಮವೇನಿಲ್ಲ. ಮನುಷ್ಯರ ಕಣ್ಣು ಕಣ್ಣನ್ನೇ ಹುಡುಕುತ್ತದೆ, ಅದರಿಂದ ಅನುಕೂಲ ಹೆಚ್ಚು, ಅಷ್ಟೇ. 2010ರ ಲಿಂಬೋ ಆಟದ ಹುಡುಗನಿಗೆ ಮೂಗು ಬಾಯಿ ಏನೂ ಇಲ್ಲ. ಕಪ್ಪು ಆಕೃತಿಯಲ್ಲಿ ಎರಡು ಬಿಳಿ ಚುಕ್ಕೆ. ಬೂದು ಮಂಜಿನ ನಡುವೆ ಆ ಎರಡು ಚುಕ್ಕೆಗಳೇ ಸಾಕಾದವು. 2019ರ ಅನ್‌ಟೈಟಲ್ಡ್ ಗೂಸ್ ಗೇಮ್‌ನಲ್ಲಿ ನಾಯಕನೇ ಒಂದು ಬಿಳಿ ಹೆಬ್ಬಾತು. ಆ ಕತ್ತಿನ ಹೊರರೇಖೆಯನ್ನು ಒಮ್ಮೆ ನೋಡಿದವರಿಗೆ ಮತ್ತೆ ಪರಿಚಯ ಹೇಳಬೇಕಾಗಿಲ್ಲ. ನಿಮ್ಮ ಮುಖ್ಯ ಪಾತ್ರಕ್ಕೆ ಪೂರ್ತಿ ಕಪ್ಪು ಬಣ್ಣ ತುಂಬಿ ನೋಡಿ. ಅದರ ಹೊರರೇಖೆಯೊಂದರಿಂದಲೇ ಏನೆಂದು ತಿಳಿದರೆ ಆ ಪಾತ್ರ ಮುಖಚಿತ್ರಕ್ಕೆ ಯೋಗ್ಯ.

ಬಣ್ಣಕ್ಕೆ ಮೊದಲು ಬೆಳಕು

ಬಣ್ಣ ಕಣ್ಣಿಗೆ ಹೊಡೆಯುವಂತಿದ್ದರೆ ಚಿತ್ರ ಎದ್ದು ಕಾಣುತ್ತದೆ ಎಂಬ ನಂಬಿಕೆ ಬಲವಾಗಿದೆ. ಆದರೆ ಕಣ್ಣು ಆಕಾರವನ್ನು ಗುರುತಿಸುವುದು ಮುಖ್ಯವಾಗಿ ತಿಳಿ-ಗಾಢದ ವ್ಯತ್ಯಾಸದಿಂದ, ಬಣ್ಣದ ವ್ಯತ್ಯಾಸ ಆಮೇಲಿನದು. ಒಂದೇ ಗಾಢತೆಯ ಕೆಂಪನ್ನು ಹಸಿರಿನ ಮೇಲಿಟ್ಟರೆ ಎರಡೂ ಕಿರುಚುತ್ತವೆ, ಆಕಾರ ಮಾತ್ರ ಕಾಣುವುದಿಲ್ಲ. ಗಂಡಸರಲ್ಲಿ ಸುಮಾರು ಹನ್ನೆರಡಕ್ಕೆ ಒಬ್ಬರಿಗೆ ಕೆಂಪು-ಹಸಿರಿನ ಭೇದ ಸರಿಯಾಗಿ ತಿಳಿಯುವುದಿಲ್ಲ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಪರೀಕ್ಷೆ ಸುಲಭ. ಚಿತ್ರವನ್ನು ಕಪ್ಪು-ಬಿಳುಪಿಗೆ ತಿರುಗಿಸಿ, ಸ್ವಲ್ಪ ಮಸುಕು ಮಾಡಿ. ಮೂರು ಮಟ್ಟಗಳು ಬೇರೆ ಬೇರೆಯಾಗಿ ಕಾಣಬೇಕು: ಗಾಢವಾದದ್ದು, ನಡುವಿನದು, ತಿಳಿಯಾದದ್ದು. ತೀರಾ ತಿಳಿಯಾದದ್ದೂ ತೀರಾ ಗಾಢವಾದದ್ದೂ ಒಂದಕ್ಕೊಂದು ತಾಗುವ ಜಾಗಕ್ಕೆ ಕಣ್ಣು ಮೊದಲು ಹೋಗುತ್ತದೆ. ‘ಆರದ ದೀಪ’ದಲ್ಲಿ ಆ ಜಾಗ ಲಾಟೀನೋ ಪಂಜವೋ ಎಂಬುದನ್ನು ಚಿತ್ರ ಬರೆಯುವವರು ತೀರ್ಮಾನ ಮಾಡಿಯೇ ಕೂರಬೇಕು; ಎರಡೂ ಆಗಲಿ ಎಂದರೆ ಯಾವುದೂ ಆಗುವುದಿಲ್ಲ. ನನ್ನನ್ನು ಕೇಳಿದರೆ ಪಂಜದ ಕಪ್ಪು ಬೆಳಕಿನ ಹಳದಿಯನ್ನು ತಾಗುವ ಗೆರೆ. ಆಟದ ಉದ್ವೇಗ ಇರುವುದು ಅಲ್ಲಿ.

ಹೆಸರು ಓದಲು ಬರಬೇಕು

ಈ ಮಾತನ್ನು ಬರೆಯಬೇಕಾಗಿ ಬಂದದ್ದೇ ವಿಚಿತ್ರ, ಆದರೂ ಇಂಡೀ ಮುಖಚಿತ್ರಗಳು ಹೆಚ್ಚಾಗಿ ಮುಗ್ಗರಿಸುವುದು ಇಲ್ಲಿಯೇ. ಲೆಕ್ಕ ಹಾಕಿ ನೋಡಿ. 120 ಪಿಕ್ಸೆಲ್ ಅಗಲದಲ್ಲಿ ಹತ್ತು ಅಕ್ಷರದ ಹೆಸರು ಒಂದೇ ಸಾಲಿನಲ್ಲಿ ನಿಂತರೆ ಒಂದೊಂದು ಅಕ್ಷರಕ್ಕೆ 12 ಪಿಕ್ಸೆಲ್ ಸಿಗುತ್ತದೆ, ಅದು ಓದಬಹುದಾದ ಅಳತೆ. ಮೂವತ್ತು ಅಕ್ಷರದ ಹೆಸರಾದರೆ ನಾಲ್ಕೇ ಪಿಕ್ಸೆಲ್. ಎರಡು ಸಾಲು ಮಾಡಿದರೆ ಅಗಲ ಉಳಿಯುತ್ತದೆ, ಎತ್ತರ ಅರ್ಧವಾಗುತ್ತದೆ. ಅತಿ ಚಿಕ್ಕ ಕ್ಯಾಪ್ಸೂಲ್‌ನಲ್ಲಿ ಲೋಗೋ ಹೆಚ್ಚುಕಡಿಮೆ ಇಡೀ ಜಾಗವನ್ನೇ ತುಂಬಿರಲಿ ಎಂದು ಸ್ಟೀಮ್ ತನ್ನ ಸೂಚನೆಗಳಲ್ಲಿ ಹೇಳುವುದು ಇದಕ್ಕಾಗಿ. ಕ್ಯಾಪ್ಸೂಲ್ ಎಂದರೆ ಅಂಗಡಿಯ ನಾನಾ ಜಾಗಗಳಲ್ಲಿ ಕಾಣಿಸುವ ಮುಖಚಿತ್ರದ ತುಂಡುಗಳಿಗೆ ಅಲ್ಲಿನ ಹೆಸರು. ಅಲ್ಲಿ ಚಿತ್ರಕ್ಕಿಂತ ಹೆಸರು ದೊಡ್ಡದು. ಚಿತ್ರ ಹಾಳಾಯಿತಲ್ಲ ಎಂದು ಕೊರಗುವವರು ದೊಡ್ಡ ಕ್ಯಾಪ್ಸೂಲ್ ನೋಡಿ ಸಮಾಧಾನ ಮಾಡಿಕೊಳ್ಳಬೇಕು.

ಕನ್ನಡ ಲಿಪಿಯಲ್ಲಿ ಲೋಗೋ ಮಾಡುವವರಿಗೆ ಇನ್ನೊಂದು ಕಗ್ಗಂಟಿದೆ. ನಮ್ಮ ಅಕ್ಷರಗಳು ಸಾಲಿನ ಮೇಲೂ ಕೆಳಗೂ ಚಾಚಿಕೊಳ್ಳುತ್ತವೆ: ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ಆಟಕ್ಕೆ ‘ದೀಪಸ್ತಂಭ’ ಎಂದು ಹೆಸರಿಟ್ಟಿದ್ದರೆ ಸಕಾರದ ಕೆಳಗೆ ನೇತಾಡುವ ತಕಾರದ ಒತ್ತಿಗಾಗಿ ಇಡೀ ಹೆಸರನ್ನು ಮೇಲಕ್ಕೆ ತಳ್ಳಿ ಕುಗ್ಗಿಸಬೇಕಾಗುತ್ತಿತ್ತು. ಆ ಒಂದು ಒತ್ತು ಉಳಿದ ಎಲ್ಲ ಅಕ್ಷರಗಳ ಎತ್ತರವನ್ನು ಕಿತ್ತುಕೊಳ್ಳುತ್ತದೆ. ‘ಆರದ ದೀಪ’ದಲ್ಲಿ ಒತ್ತಕ್ಷರವೇ ಇಲ್ಲ, ಅಕ್ಷರಗಳೆಲ್ಲ ಒಂದೇ ನೆಲದ ಮೇಲೆ ಕೂರುತ್ತವೆ. ತಲೆಕಟ್ಟುಗಳನ್ನು ದಪ್ಪ ಮಾಡಿ ಒಂದಕ್ಕೊಂದು ಜೋಡಿಸಿದರೆ ಲೋಗೋಗೆ ಮೈಕಟ್ಟು ತಾನಾಗಿ ಬರುತ್ತದೆ. ಒತ್ತಕ್ಷರ ಇರುವ ಹೆಸರನ್ನೇ ಇಡಬಾರದು ಎನ್ನುತ್ತಿಲ್ಲ; ಒತ್ತನ್ನು ಪಕ್ಕಕ್ಕೆ ಸರಿಸಿ, ಚಿಕ್ಕದು ಮಾಡಿ, ಪಕ್ಕದ ಅಕ್ಷರದ ಹೊಟ್ಟೆಗೆ ಸೇರಿಸಿ ಆಟವಾಡಬಲ್ಲ ಅಕ್ಷರ ವಿನ್ಯಾಸಕರು ಬೇಕು. ಸಿದ್ಧ ಫಾಂಟಿನಲ್ಲಿ ಬೆರಳಚ್ಚಿಸಿ ಅಂಟಿಸಿದರೆ ಆಗದು.

ಯಾವ ಲಿಪಿಯಾದರೂ ಲೋಗೋದ ಬೆನ್ನಿಗೆ ಶಾಂತವಾದ ಜಾಗ ಬೇಕು. ಎಲೆ, ಹುಲ್ಲು, ಗುಂಪಿನ ಮೇಲೆ ಬರೆದ ಅಕ್ಷರ ಎಷ್ಟೇ ದಪ್ಪವಾದರೂ ಅದರೊಳಗೆ ಕಳೆದುಹೋಗುತ್ತದೆ. ಹಾಗಾಗಿ ಲೋಗೋ ಎಲ್ಲಿ ಬರುತ್ತದೆ ಎಂಬುದನ್ನು ಮೊದಲ ಕರಡಿನಲ್ಲೇ ನಿರ್ಧರಿಸಬೇಕು. ಚಿತ್ರವೆಲ್ಲ ಮುಗಿದ ಮೇಲೆ ‘ಹೆಸರನ್ನು ಎಲ್ಲಾದರೂ ಹಾಕಿ’ ಎಂದರೆ ಅದು ನಾಯಕಿಯ ಹಣೆಯ ಮೇಲೆ ಬಂದು ಕೂರುತ್ತದೆ.

ಒಂದೇ ಚಿತ್ರ, ಆರು ಆಕಾರ

ಸ್ಟೀಮ್ ಕೇಳುವ ಅಳತೆಗಳು ಒಂದಕ್ಕೊಂದು ಹೊಂದುವುದಿಲ್ಲ. ಹೆಡರ್ ಕ್ಯಾಪ್ಸೂಲ್ 920 × 430, ಚಿಕ್ಕದು 462 × 174, ಮುಖ್ಯ ಕ್ಯಾಪ್ಸೂಲ್ 1232 × 706, ನಿಲುವಿನದು 748 × 896. ಕೊಂಡವರ ಲೈಬ್ರರಿಯಲ್ಲಿ ಕಾಣುವುದು 600 × 900. ಲೈಬ್ರರಿಯ ಪುಟದ ಮೇಲ್ಭಾಗದಲ್ಲಿ ಹರಡಿಕೊಳ್ಳುವ ಹೀರೋ ಚಿತ್ರ 3840 × 1240, ಅದರಲ್ಲಿ ಅಕ್ಷರವೇ ಇರಬಾರದು, ಲೋಗೋ ಬೇರೆ ಕಡತವಾಗಿ ಮೇಲೆ ಕೂರುತ್ತದೆ. ನೀವು ಕೊಟ್ಟ ಚಿಕ್ಕ ಕ್ಯಾಪ್ಸೂಲ್‌ನಿಂದ ಇನ್ನೂ ಚಿಕ್ಕವನ್ನು, ಅಂದರೆ ಆ 120 × 45ರದ್ದನ್ನೂ, ಸ್ಟೀಮ್ ತಾನೇ ತಯಾರಿಸಿಕೊಳ್ಳುತ್ತದೆ.

ಈ ಸಂಖ್ಯೆಗಳಲ್ಲಿ ಅಗಲ-ಎತ್ತರದ ಅನುಪಾತ ನೋಡಿ. ಒಂದು ಎತ್ತರಕ್ಕಿಂತ ಮೂರು ಪಟ್ಟು ಅಗಲ, ಇನ್ನೊಂದು ಅಗಲಕ್ಕಿಂತ ಒಂದೂವರೆ ಪಟ್ಟು ಎತ್ತರ. ಒಂದೇ ಚಿತ್ರವನ್ನು ಕತ್ತರಿಸಿ ಇಷ್ಟೂ ಜಾಗ ತುಂಬಲು ಹೋದರೆ ಎಲ್ಲೋ ಒಂದು ಕಡೆ ಕೈ ಹೋಗುತ್ತದೆ, ಇನ್ನೊಂದು ಕಡೆ ಲಾಟೀನು ಹೋಗುತ್ತದೆ. ಬಲ್ಲವರು ಚಿತ್ರವನ್ನು ಪದರ ಪದರವಾಗಿ ಬರೆಯುತ್ತಾರೆ: ಕಾವಲುಗಾರ್ತಿ ಒಂದು ಪದರ, ಪಂಜ ಒಂದು, ಬೆಳಕು ಒಂದು, ಕಡಲು ಮತ್ತು ಆಕಾಶ ಒಂದು, ಲೋಗೋ ಒಂದು. ಅಗಲದ ಜಾಗದಲ್ಲಿ ಕಾವಲುಗಾರ್ತಿ ಎಡಕ್ಕೆ, ಪಂಜ ಬಲಕ್ಕೆ. ನಿಲುವಿನ ಜಾಗದಲ್ಲಿ ಅವಳು ಮೇಲೆ, ಬೆಳಕು ಕೆಳಮುಖವಾಗಿ, ಪಂಜ ಬುಡದಿಂದ ಏರಿ ಬರುತ್ತದೆ. ಪದರಗಳಿದ್ದರೆ ಇದು ಒಂದು ಮಧ್ಯಾಹ್ನದ ಕೆಲಸ. ಇಲ್ಲದಿದ್ದರೆ ಹೊಸದಾಗಿ ಬರೆಯಬೇಕು.

ಬೇರೆ ಅಂಗಡಿಗಳು ಬೇರೆ ಅಳತೆ ಕೇಳುತ್ತವೆ. ಇಂಡೀ ಆಟಗಳ ತಾಣ ಇಚ್ ಡಾಟ್ ಐಓ 630 × 500 ಕೇಳುತ್ತದೆ, ಅಲ್ಲಿ ಚಲಿಸುವ ಜಿಫ್ ಕೂಡ ಹಾಕಬಹುದು. ಗೂಗಲ್ ಪ್ಲೇಯಲ್ಲಿ 512 × 512ರ ಚೌಕದ ಐಕಾನ್ ಮತ್ತು 1024 × 500ರ ಅಗಲ ಚಿತ್ರ. ಐಕಾನ್‌ನಲ್ಲಿ ಹೆಸರು ಹಾಕಲು ಹೋಗಬೇಡಿ, ಫೋನ್ ತಾನೇ ಕೆಳಗೆ ಬರೆಯುತ್ತದೆ. ನಮ್ಮ ಆಟಕ್ಕಾದರೆ ಲಾಟೀನು ಮತ್ತು ಪಂಜ ಸಾಕು.

ಅಕ್ಕಪಕ್ಕದವರನ್ನು ನೋಡಿ

ಆಟದ ಪ್ರಕಾರಗಳಿಗೆ ತಮ್ಮದೇ ವೇಷಭೂಷಣವಿದೆ. ಕೃಷಿ, ತೋಟಗಾರಿಕೆಯ ನೆಮ್ಮದಿಯ ಆಟಗಳೆಂದರೆ ಬೆಳಗಿನ ಬೆಳಕು, ತಿಳಿ ಆಕಾಶ, ದುಂಡಗಿನ ದಪ್ಪ ಅಕ್ಷರ. ಭಯದ ಆಟವೆಂದರೆ ಕತ್ತಲೆಯಲ್ಲಿ ಒಂದೇ ಬೆಳಕು, ಸವೆದ ಅಕ್ಷರ. ತಂತ್ರದ ಆಟಗಳಲ್ಲಿ ಎತ್ತರದಿಂದ ಕಾಣುವ ನೆಲ, ಸೇನೆ, ಲೋಹದ ಹೊಳಪಿನ ಹೆಸರು. ಇವೆಲ್ಲ ಸವಕಲಾಗಿವೆ ಎಂದು ಮೂಗು ಮುರಿಯುವುದು ಸುಲಭ. ಆದರೆ ನೋಡುವವರಿಗೆ ಇವು ಅಕ್ಷರಮಾಲೆಯಿದ್ದಂತೆ. ಹೆಸರು ಓದುವ ಮೊದಲೇ ‘ನನ್ನದು’ ಅಥವಾ ‘ನನ್ನದಲ್ಲ’ ಎಂದು ತೀರ್ಮಾನಿಸುವುದು ಇವುಗಳಿಂದ.

ನಿಮ್ಮ ಆಟಕ್ಕೆ ಹತ್ತಿರವಾದ ಇಪ್ಪತ್ತು ಮೂವತ್ತು ಆಟಗಳ ಮುಖಚಿತ್ರಗಳನ್ನು ಒಂದೇ ಹಾಳೆಯಲ್ಲಿ ಜೋಡಿಸಿ. ಎಲ್ಲದರಲ್ಲೂ ಇರುವುದು ಯಾವುದು, ಒಂದರಲ್ಲೂ ಇಲ್ಲದ್ದು ಯಾವುದು ಎಂದು ನೋಡಿ. ಮೊದಲನೆಯದು ಪ್ರಕಾರದ ಗುರುತು, ಅದನ್ನು ಉಳಿಸಿಕೊಳ್ಳಿ. ಎರಡನೆಯದು ನಿಮಗೆ ಖಾಲಿ ಬಿಟ್ಟ ಕುರ್ಚಿ. ಆ ಹಾಳೆ ಪೂರ್ತಿ ನೀಲಿ-ಕಪ್ಪಾಗಿದ್ದರೆ ‘ಆರದ ದೀಪ’ದ ಹಿನ್ನೆಲೆಯನ್ನು ಕಡುಹಸಿರಿಗೋ ತುಕ್ಕಿನ ಕೆಂಪಿಗೋ ಒಯ್ಯಬಹುದು; ಕತ್ತಲು ಮತ್ತು ಒಂಟಿ ಬೆಳಕು ಹಾಗೆಯೇ ಇರುತ್ತವೆ. ಗುರುತುಗಳನ್ನೆಲ್ಲ ಒಟ್ಟಿಗೆ ಮುರಿದು ಗೆದ್ದವರೂ ಇದ್ದಾರೆ. ಅವರ ಹೆಸರುಗಳು ನಮಗೆ ಗೊತ್ತಿವೆ. ಹಾಗೆ ಮುರಿದು ಮುಳುಗಿದವರ ಹೆಸರು ಗೊತ್ತಿಲ್ಲ, ಆದ್ದರಿಂದ ಲೆಕ್ಕ ತಪ್ಪುತ್ತದೆ.

ಆಟದೊಳಗೆ ಪಿಕ್ಸೆಲ್ ಚಿತ್ರ, ಮುಖಪುಟದಲ್ಲಿ ಎಣ್ಣೆಬಣ್ಣದಂಥ ಚಿತ್ರ ಇದ್ದರೆ ಮೋಸವೇ ಎಂಬ ಪ್ರಶ್ನೆ ಆಗಾಗ ಬರುತ್ತದೆ. ಶೈಲಿ ಬೇರೆಯಿದ್ದರೆ ಜನ ಕ್ಷಮಿಸುತ್ತಾರೆ, ಅಟಾರಿಯ ಕಾಲದಿಂದ ಅದು ರೂಢಿ. ಮನೋಭಾವ ಮತ್ತು ಕ್ರಿಯೆ ಬೇರೆಯಿದ್ದರೆ ಕ್ಷಮಿಸುವುದಿಲ್ಲ. ಪುಟ ತೆರೆದ ಕೂಡಲೇ ಸ್ಕ್ರೀನ್‌ಶಾಟ್‌ಗಳು ಕಣ್ಣಿಗೆ ಬೀಳುವುದರಿಂದ ಅಂತರ ಮರೆಯಾಗುವಂಥದ್ದೂ ಅಲ್ಲ.

ನಿಯಮ, ಕಲಾವಿದರು, ಕರಾರು

ಒಂದು ಕಾಲದಲ್ಲಿ ಸ್ಟೀಮ್ ಕ್ಯಾಪ್ಸೂಲ್‌ಗಳ ಮೇಲೆ ಪತ್ರಿಕೆಗಳ ಅಂಕ, ಪ್ರಶಸ್ತಿಯ ಎಲೆಮಾಲೆ, ರಿಯಾಯಿತಿಯ ಕೂಗು ಎಲ್ಲವೂ ಕಿಕ್ಕಿರಿದಿದ್ದವು. 2022ರ ಸೆಪ್ಟೆಂಬರ್ 1ರಿಂದ ಅದಕ್ಕೆ ತಡೆ ಬಿತ್ತು. ಈಗ ಚಿತ್ರ, ಆಟದ ಹೆಸರು, ಅಧಿಕೃತ ಉಪಶೀರ್ಷಿಕೆ ಇಷ್ಟಕ್ಕೇ ಅವಕಾಶ. ದೊಡ್ಡ ಅಪ್‌ಡೇಟ್ ಬಂದಾಗ ಅದರ ಹೆಸರನ್ನು ತಾತ್ಕಾಲಿಕವಾಗಿ ಸೇರಿಸಲು ಬೇರೆ ವ್ಯವಸ್ಥೆಯಿದೆ, ಅದೂ ಗರಿಷ್ಠ ಒಂದು ತಿಂಗಳು. ಮೀರಿದ ಆಟ ಮಾರಾಟ ಮೇಳಗಳ ಮುಖ್ಯ ಜಾಗಗಳಿಂದ ಹೊರಗುಳಿಯಬೇಕಾಗಬಹುದು. ಸಣ್ಣ ತಂಡಗಳಿಗೆ ಈ ನಿಯಮ ಉಪಕಾರವನ್ನೇ ಮಾಡಿತು ಎಂದು ನನ್ನ ಅನಿಸಿಕೆ: ಪ್ರಶಸ್ತಿ ಇಲ್ಲದವರೂ ಇರುವವರೂ ಒಂದೇ ಪಂಕ್ತಿಯಲ್ಲಿ ಕೂತರು.

ಚಿತ್ರವನ್ನು ಹೊರಗಿನ ಕಲಾವಿದರಿಂದ ಬರೆಸುವುದಾದರೆ ಅವರಿಗೆ ಆಟದ ಇಡೀ ಪುರಾಣ ಕಳಿಸಬೇಡಿ. ಎರಡು ನಿಮಿಷ ಆಡಿದ ವಿಡಿಯೋ, ಹತ್ತು ಸ್ಕ್ರೀನ್‌ಶಾಟ್, ಆ ಒಂದು ಕ್ರಿಯಾಪದ, ಅಕ್ಕಪಕ್ಕದ ಆಟಗಳ ಹಾಳೆ, ಅಳತೆಗಳ ಪಟ್ಟಿ ಸಾಕು. ಬಣ್ಣ ಹಾಕುವ ಮೊದಲು ಕಪ್ಪು-ಬಿಳುಪಿನ ನಾಲ್ಕೈದು ಪುಟ್ಟ ಕರಡುಗಳನ್ನು ಕೇಳಿ, ಅವನ್ನು ನಿಜವಾದ ಅಳತೆಯಲ್ಲೇ ನೋಡಿ ಆರಿಸಿ. ಬಣ್ಣವೆಲ್ಲ ಮುಗಿದ ಮೇಲೆ ‘ಮುಖ ಈ ಕಡೆ ತಿರುಗಲಿ’ ಎನ್ನುವುದು ಅನ್ಯಾಯ, ಅದಕ್ಕೆ ಬೇರೆ ಸಂಭಾವನೆ ಕೊಡಬೇಕು. ವಾಣಿಜ್ಯ ಬಳಕೆಯ ಹಕ್ಕು, ಕತ್ತರಿಸಿ ಜೋಡಿಸುವ ಹಕ್ಕು, ಪದರಗಳಿರುವ ಮೂಲ ಕಡತ, ಕಲಾವಿದರ ಹೆಸರು ಎಲ್ಲಿ ಬರಬೇಕು ಎಂಬುದು ಇವೆಲ್ಲ ಮೊದಲೇ ಬರಹದಲ್ಲಿರಲಿ. ಯಂತ್ರದಿಂದ, ಅಂದರೆ ಎಐಯಿಂದ, ಚಿತ್ರ ಮಾಡಿಸುವ ಯೋಚನೆ ಇದ್ದವರು 2024ರ ಜನವರಿಯಿಂದ ಸ್ಟೀಮ್ ಅದರ ಬಗ್ಗೆ ಘೋಷಣೆ ಕೇಳುತ್ತಿದೆ ಎಂಬುದನ್ನು ಗಮನಿಸಬೇಕು. ಆಟಗಾರರ ಕಣ್ಣೂ ಈಗ ಆ ನುಣುಪನ್ನು ಬೇಗ ಪತ್ತೆ ಹಚ್ಚುತ್ತದೆ.

ತೋರಿಸಿ, ಮುಚ್ಚಿ, ಕೇಳಿ

ಚಿತ್ರ ಚೆನ್ನಾಗಿದೆಯೇ ಎಂದು ಯಾರನ್ನೂ ಕೇಳಬೇಡಿ, ಚೆನ್ನಾಗಿದೆ ಎಂದೇ ಹೇಳುತ್ತಾರೆ. ಅಂಗಡಿಯ ನಿಜವಾದ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದು, ಅದರ ನಡುವೆ ನಿಮ್ಮ ಕ್ಯಾಪ್ಸೂಲ್ ಅಂಟಿಸಿ, ಆ ಪ್ರಕಾರದ ಆಟ ಆಡುವ ಅಪರಿಚಿತರಿಗೆ ಎರಡು ಸೆಕೆಂಡ್ ತೋರಿಸಿ ಮುಚ್ಚಿಬಿಡಿ. ಯಾವುದು ನೆನಪಿದೆ? ಅದರಲ್ಲಿ ಏನು ಮಾಡಬೇಕಾಗಬಹುದು? ‘ಯಾರೋ ಒಬ್ಬಳು ದೀಪ ಹಿಡಿದು ಏನನ್ನೋ ಓಡಿಸುತ್ತಿದ್ದಳು’ ಎಂಬ ಉತ್ತರ ಬಂದರೆ ಕೆಲಸ ಆಯಿತು. ‘ಸಮುದ್ರದ್ದೇನೋ’ ಎಂದರೆ ಕರಡಿಗೆ ವಾಪಸ್.

ಪ್ರಕಟವಾದ ಮೇಲೆ ಸಂಖ್ಯೆಗಳು ಸಿಗುತ್ತವೆ. ಚಿತ್ರ ಎಷ್ಟು ಸಲ ಕಣ್ಣಿಗೆ ಬಿತ್ತು, ಅದರಿಂದ ಎಷ್ಟು ಜನ ಪುಟಕ್ಕೆ ಬಂದರು ಎಂಬ ಲೆಕ್ಕವನ್ನು ಸ್ಟೀಮ್ ಅಭಿವೃದ್ಧಿಕಾರರಿಗೆ ಕೊಡುತ್ತದೆ. ಗೂಗಲ್ ಪ್ಲೇ ಮತ್ತು ಆಪ್ ಸ್ಟೋರ್‌ಗಳಲ್ಲಿ ಎರಡು ಚಿತ್ರಗಳನ್ನು ಏಕಕಾಲಕ್ಕೆ ಬೇರೆ ಬೇರೆ ಜನರಿಗೆ ತೋರಿಸಿ ಹೋಲಿಸುವ ಸೌಲಭ್ಯವೂ ಇದೆ. ಸ್ಟೀಮ್‌ನಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಹಾಕಿ ಕಾಯಬೇಕು, ಹಾಗಾಗಿ ಹೋಲಿಕೆ ನಾಜೂಕು. ಮಾರಾಟ ಮೇಳದ ವಾರವನ್ನು ಸಾಮಾನ್ಯ ವಾರದೊಡನೆ ಇಟ್ಟರೆ ಅರ್ಥವಿಲ್ಲ. ಹುಡುಕಾಟದಿಂದ ಬಂದವರಿಗೆ ನಿಮ್ಮ ಹೆಸರು ಮೊದಲೇ ಗೊತ್ತಿರಬಹುದು, ಶಿಫಾರಸಿನ ಸಾಲಿನಿಂದ ಬಂದವರಿಗೆ ಗೊತ್ತಿರುವುದಿಲ್ಲ. ಇಬ್ಬರನ್ನೂ ಒಂದೇ ಬುಟ್ಟಿಗೆ ಹಾಕಬಾರದು.

ಬದಲಾಯಿಸುವಾಗ ಒಂದು ಎಚ್ಚರ. ಭಂಗಿ ಬದಲಾಗಲಿ, ಪಂಜ ಎರಡಾಗಲಿ, ಹಿನ್ನೆಲೆ ಬೇರೆ ಬರಲಿ, ಲೋಗೋದ ಅಕ್ಷರಶೈಲಿ ಮತ್ತು ಮುಖ್ಯ ಬಣ್ಣ ಮಾತ್ರ ಹಾಗೆಯೇ ಇರಲಿ. ವರ್ಷದ ಹಿಂದೆ ಆ ಹಳದಿ ಬೆಳಕನ್ನು ನೋಡಿ ವಿಶ್‌ಲಿಸ್ಟ್‌ಗೆ ಸೇರಿಸಿದ್ದವರಿಗೆ ರಿಯಾಯಿತಿಯ ಇಮೇಲ್ ಬರುತ್ತದೆ. ಅದರಲ್ಲಿ ಹಳದಿಯ ಬದಲು ಹಸಿರು ಬೆಳಕು, ಬೇರೆಯದೇ ಅಕ್ಷರಗಳು ಕಂಡರೆ, ಇದನ್ನು ಯಾವಾಗ ಸೇರಿಸಿದೆನೋ ಎಂದುಕೊಂಡು ಅಳಿಸಿಬಿಡುತ್ತಾರೆ.